ಟೈರಿಗೆ ಹಚ್ಚಿದ ಹೊಳಪೂ ರಸ್ತೆಯ ಹಿಡಿತವೂ

ಕಳೆದ ಆಷಾಢದ ಒಂದು ಸಂಜೆ ನಾನು ದೇವಸ್ಥಾನದ ಬೀದಿಯ ತಿರುವಿನಲ್ಲಿ ಸ್ಕೂಟರಿನೊಡನೆ ಬಿದ್ದೆ. ಮೊಣಕೈ ತರಚಿತು, ಪಂಚೆಯ ಅಂಚು ಹರಿಯಿತು. ಅದಕ್ಕೆ ಐದು ನಿಮಿಷ ಮುಂಚೆ, ಅರ್ಧ ಕಿಲೋಮೀಟರು ಹಿಂದಿನ ವಾಟರ್ ಸರ್ವಿಸ್ ಅಂಗಡಿಯಲ್ಲಿ ಗಾಡಿಯನ್ನು ತೊಳೆಸಿದ್ದೆ. ಅಲ್ಲಿಯ ಹುಡುಗನು, ನಾನು ಕೇಳದಿದ್ದರೂ, ಮೇಷ್ಟ್ರ ಗಾಡಿಯೆಂಬ ವಿಶ್ವಾಸದಿಂದ ಎರಡು ಟೈರುಗಳಿಗೂ ಕಪ್ಪು ಹೊಳಪು ಕೊಡುವ ಪಾಲಿಶನ್ನು ಸ್ಪಂಜಿನಿಂದ ಬಳಿದಿದ್ದನು. ಪಕ್ಕಕ್ಕೆ ಬಳಿದು ಬಿಟ್ಟಿದ್ದರೆ ಈ ಲೇಖನವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ರಸ್ತೆಗೆ ತಾಗುವ ಹಲ್ಲುಗಳಿಗೂ ಆತನು ಧಾರಾಳವಾಗಿ ಬಳಿದಿದ್ದನು.

ಬಿದ್ದವನನ್ನು ಎಬ್ಬಿಸಲು ಬಂದವರೆಲ್ಲರೂ ಕಾರಣವನ್ನೂ ಕೈಯಲ್ಲಿ ಹಿಡಿದೇ ಬಂದರು. ಗ್ಯಾರೇಜಿನ ಯಜಮಾನರು, “ಪಾಲಿಶೇ ಮೇಷ್ಟ್ರೇ, ಅನುಮಾನ ಬೇಡ” ಎಂದರು. ಎದುರು ಮನೆಯವರು, “ಮೊದಲ ಮಳೆ ಬಿದ್ದ ರಸ್ತೆ, ಧೂಳೂ ಎಣ್ಣೆಯೂ ಮೇಲೆ ತೇಲಿರುತ್ತದೆ” ಎಂದರು. ಇನ್ನೊಬ್ಬರು ಹಿಂದಿನ ಚಕ್ರವನ್ನು ತಿರುಗಿಸಿ ನೋಡಿ, “ಹಲ್ಲೇ ಇಲ್ಲವಲ್ಲ ಸ್ವಾಮಿ, ಬೋಳಾಗಿದೆ” ಎಂದರು. ಮನೆಯಲ್ಲಿ ನನ್ನಾಕೆ ಮಾತ್ರ ಟೈರಿನ ವಿಚಾರಕ್ಕೇ ಹೋಗದೆ, “ನಿಮ್ಮ ವಯಸ್ಸು ಎಷ್ಟು ಅಂತ ನೆನಪಿದೆಯೇ?” ಎಂದು ಕೇಳಿ ಅರಿಶಿನ ತಂದಳು.

ನಾನು ಗ್ಯಾರೇಜಿನವರ ಮಾತನ್ನು ನಂಬಿದೆ. ಮರುದಿನ ಬೆಳಗ್ಗೆ ಹೋಗಿ, ಇತರ ಗಿರಾಕಿಗಳ ಎದುರಿನಲ್ಲಿಯೇ ಆ ಹುಡುಗನನ್ನು ಗದರಿಸಿದೆ. ಅಂಗಡಿಯ ಮಾಲೀಕರು, “ಈ ತಿಂಗಳಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಡುತ್ತೇನೆ ಸಾರ್” ಎಂದರು. ನಾಲ್ಕು ವರ್ಷದ ಹಿಂದೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವನು ಆತ. ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಪಾಲಿಶು ಬಳಿದುದು ನಿಜ, ನಾನು ಬಿದ್ದುದೂ ನಿಜ. ಆದರೆ ಮೊದಲನೆಯದರಿಂದಲೇ ಎರಡನೆಯದಾಯಿತೆಂದು ಹೇಳಿದವರಾರು? ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಇರತಕ್ಕ ಸಂಬಂಧವನ್ನು ಕಾಕತಾಳೀಯವೆಂದು ಮೂವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು, ನನ್ನ ಮೊಣಕೈಯ ವಿಷಯ ಬಂದಾಗ ಅದನ್ನು ಮರೆತಿದ್ದೆ.

ನಮ್ಮ ತರ್ಕಶಾಸ್ತ್ರದಲ್ಲಿ ಕಾರಣವನ್ನು ಗುರುತಿಸಲು ಎರಡು ಸಾಧನಗಳನ್ನು ಹೇಳಿದೆ. ಒಂದು ಅನ್ವಯ: ಇದು ಇದ್ದರೆ ಅದು ಇರುತ್ತದೆ. ಇನ್ನೊಂದು ವ್ಯತಿರೇಕ: ಇದು ಇಲ್ಲದಿದ್ದರೆ ಅದೂ ಇರುವುದಿಲ್ಲ. ಹೊಗೆಗೂ ಬೆಂಕಿಗೂ ಇದನ್ನು ಹೊಂದಿಸಿ ಹೇಳುವುದು ಎಲ್ಲರಿಗೂ ಬಾಯಿಪಾಠ. ಗ್ಯಾರೇಜಿನವರ ವಾದದಲ್ಲಿ ಅನ್ವಯ ಮಾತ್ರವಿತ್ತು, ಅದೂ ಒಂದೇ ಒಂದು ಸಲದ್ದು. ಪಾಲಿಶಿಲ್ಲದ ಅದೇ ಟೈರು, ಅದೇ ತಿರುವಿನಲ್ಲಿ, ಅದೇ ನೀರಿನಲ್ಲಿ, ಅದೇ ವೇಗದಲ್ಲಿ ಜಾರುತ್ತಿರಲಿಲ್ಲವೆಂಬ ವ್ಯತಿರೇಕವನ್ನು ಯಾರೂ ನೋಡಿರಲಿಲ್ಲ. ಟೈರುಗಳನ್ನು ಪರೀಕ್ಷಿಸುವ ದೊಡ್ಡ ಸಂಸ್ಥೆಗಳು ಕೋಟ್ಯಂತರ ರೂಪಾಯಿ ಸುರಿದು ಮಾಡುವುದು ಈ ವ್ಯತಿರೇಕವನ್ನು ನೋಡುವ ಕೆಲಸವನ್ನೇ.

ಮೊದಲು ಹಿಡಿತವೆಂದರೇನೆಂಬುದನ್ನು ನೋಡೋಣ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಘರ್ಷಣೆಯ ಪಾಠವಿರುತ್ತದೆ. ಫ್ರಾನ್ಸಿನ ಅಮೊಂಟನ್ ಎಂಬವರು 1699ರಲ್ಲಿ ಹೇಳಿದ ನಿಯಮ ಅಲ್ಲಿ ಬರುತ್ತದೆ: ಘರ್ಷಣೆಯು ಒತ್ತುವ ಭಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ತಾಗಿರುವ ಮೈಯ ವಿಸ್ತಾರಕ್ಕೆ ಸಂಬಂಧಪಡುವುದಿಲ್ಲ ಎಂದು. ಮರಕ್ಕೂ ಲೋಹಕ್ಕೂ ಇದು ಬಹುಮಟ್ಟಿಗೆ ಸರಿ. ರಬ್ಬರಿಗೆ ಸರಿಯಲ್ಲ. ರಬ್ಬರು ಮೆತ್ತಗೆ ಕುಗ್ಗಿ ರಸ್ತೆಯ ಜಲ್ಲಿಯ ಸಂದುಗೊಂದುಗಳಿಗೆ ಇಳಿಯುತ್ತದೆ. ಹಾಗೆ ಇಳಿದು ಎರಡು ಬಗೆಯಲ್ಲಿ ಹಿಡಿಯುತ್ತದೆ. ಮೊದಲನೆಯದು ಅಂಟು: ರಬ್ಬರಿನ ಮೈ ಕಲ್ಲಿನ ಮೈಗೆ ನೇರವಾಗಿ ತಾಗಿದಲ್ಲಿ ಕ್ಷಣಮಾತ್ರ ಅಂಟಿ ಬಿಡುತ್ತದೆ. ಎರಡನೆಯದನ್ನು ಹಿಟ್ಟಿನ ಉದಾಹರಣೆಯಿಂದ ತಿಳಿಯಬಹುದು. ಚಪಾತಿ ಹಿಟ್ಟಿನ ಮೇಲೆ ಬೆರಳನ್ನು ಒತ್ತಿ ಎಳೆದರೆ ಬೆರಳಿನ ಮುಂದೆ ಹಿಟ್ಟು ಉಬ್ಬಿ ತಡೆಯುತ್ತದೆ, ಹಿಂದೆ ನಿಧಾನವಾಗಿ ಮೇಲೇಳುತ್ತದೆ. ಹೀಗೆಯೇ ಜಲ್ಲಿಯ ಪ್ರತಿಯೊಂದು ಮೊನೆಯೂ ರಬ್ಬರನ್ನು ತುಳಿದು ದಾಟುವಾಗ ರಬ್ಬರು ಪೂರ್ತಿ ಚಿಮ್ಮದೆ ತುಸು ಶಕ್ತಿಯನ್ನು ಒಳಗೇ ಶಾಖವಾಗಿ ಇಟ್ಟುಕೊಳ್ಳುತ್ತದೆ. ಹಾಗೆ ಕಳೆದ ಶಕ್ತಿಯೂ ನಮಗೆ ತಡೆಯಾಗಿ ಒದಗುತ್ತದೆ. 1963ರಲ್ಲಿ ಗ್ರಾಷ್ ಎಂಬ ವಿಜ್ಞಾನಿ, ಬೇರೆ ಬೇರೆ ವೇಗಗಳಲ್ಲಿಯೂ ಬೇರೆ ಬೇರೆ ಉಷ್ಣತೆಗಳಲ್ಲಿಯೂ ರಬ್ಬರನ್ನು ಎಳೆದು ನೋಡಿ, ಈ ಎರಡು ಬಗೆಯ ಹಿಡಿತವೂ ರಬ್ಬರಿನ ಈ ಮೆತ್ತಗಿನ ಸ್ವಭಾವಕ್ಕೆ ಕಟ್ಟುಬಿದ್ದಿವೆಯೆಂದು ತೋರಿಸಿದರು. ವೇಗ ಹೆಚ್ಚಿದರೆ ಆಗುವ ಬದಲಾವಣೆಯೂ ಉಷ್ಣತೆ ಇಳಿದರೆ ಆಗುವ ಬದಲಾವಣೆಯೂ ಒಂದೇ ಜಾತಿಯವು. ಪರೀಕ್ಷಿಸುವವರಿಗೆ ಇದು ದೊಡ್ಡ ಎಚ್ಚರಿಕೆ. ಬೆಳಗ್ಗೆ ಒಂದು ಟೈರು, ಮಧ್ಯಾಹ್ನ ಇನ್ನೊಂದು ಟೈರು ಎಂದು ನೋಡಿದರೆ ತಿಳಿಯುವುದು ಬಿಸಿಲಿನ ಗುಣವೇ ಹೊರತು ಟೈರಿನ ಗುಣವಲ್ಲ.

ಈಗ ನಡುವೆ ಒಂದು ಜಾರುವ ಪದರ ಬಂದರೆ? ಕಾವಲಿಗೆ ಈರುಳ್ಳಿಯ ತುಂಡಿನಿಂದ ಎಣ್ಣೆ ಸವರಿದರೆ ದೋಸೆ ಏಳುತ್ತದಷ್ಟೆ. ಎಣ್ಣೆ ಎಷ್ಟು ತೆಳ್ಳಗಿದ್ದರೂ ಸಾಕು, ಅಂಟು ಕೆಡುತ್ತದೆ. ಟೈರಿನ ಪಾಲಿಶುಗಳಲ್ಲಿ ಹೆಚ್ಚಿನವುಗಳ ಮುಖ್ಯ ದ್ರವ್ಯ ಸಿಲಿಕೋನ್ ಎಣ್ಣೆ. ಕೆಲವನ್ನು ನೀರಿನಲ್ಲಿ, ಕೆಲವನ್ನು ಪೆಟ್ರೋಲಿನ ಜಾತಿಯ ದ್ರಾವಕಗಳಲ್ಲಿ ಕಲಸಿರುತ್ತಾರೆ. ಪದರವು ಅಂಟನ್ನು ಕೆಡಿಸುತ್ತದೆ. ಜಲ್ಲಿಯ ಮೊನೆಗಳು ಚೂಪಾಗಿರುವ ರಸ್ತೆಯಲ್ಲಿ ಎರಡನೆಯ ಬಗೆಯ ಹಿಡಿತ ಬಹುಮಟ್ಟಿಗೆ ಉಳಿಯುತ್ತದೆ. ನುಣ್ಣಗಾದ ಕಾಂಕ್ರೀಟು, ಬಿಳಿ ಬಣ್ಣದ ಪಟ್ಟಿ, ಕಬ್ಬಿಣದ ಮುಚ್ಚಳ ಇವುಗಳ ಮೇಲೆ ಅದೂ ಕಡಿಮೆ. ನಮ್ಮ ದೇವಸ್ಥಾನದ ಬೀದಿ ಕಾಂಕ್ರೀಟಿನದು ಎಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಟೈರಿಗೆ ಮಾಡುವ ಉಪಚಾರಗಳೆಲ್ಲ ಹೊರಗಿನ ಲೇಪವಲ್ಲ. ಮುಖ್ಯವಾದವು ಕಾರ್ಖಾನೆಯ ಒಳಗೇ ನಡೆದಿರುತ್ತವೆ. ಕಚ್ಚಾ ರಬ್ಬರು ಬಿಸಿಲಿಗೆ ಅಂಟಂಟಾಗಿ ಚಳಿಗೆ ಬಿರುಸಾಗುವ ವಸ್ತು. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕವನ್ನು ಬೆರೆಸಿ ಕಾಯಿಸಿದ ಮೇಲೆಯೇ ಅದು ಉಪಯೋಗಕ್ಕೆ ಬಂದಿತು. ಮೊದಮೊದಲ ಟೈರುಗಳು ಕಪ್ಪಗಿರಲಿಲ್ಲ, ಮಾಸಲು ಬಿಳಿಯಾಗಿದ್ದವು. 1904ರ ಸುಮಾರಿಗೆ ಇಂಗ್ಲೆಂಡಿನ ಸಿಲ್ವರ್‌ಟೌನಿನ ಕಾರ್ಖಾನೆಯಲ್ಲಿ, ಮಸಿಯನ್ನು ಬೆರೆಸಿದರೆ ರಬ್ಬರಿನ ಗಟ್ಟಿತನ ಬಹಳ ಹೆಚ್ಚುತ್ತದೆಂದು ಗೊತ್ತಾಯಿತು. ದೀಪದ ಕುಡಿಯಿಂದ ನಮ್ಮ ಹೆಂಗಸರು ಕಾಡಿಗೆಗೆ ಹಿಡಿಯುತ್ತಿದ್ದ ಮಸಿಯ ಬಂಧುವೇ ಅದು. ಟೈರು ಕಪ್ಪಾದುದು ಅಂದಕ್ಕಾಗಿ ಅಲ್ಲ, ಬಾಳಿಕೆಗಾಗಿ. 1992ರಲ್ಲಿ ಮಿಷೆಲಿನ್ ಕಂಪೆನಿಯು ಮಸಿಯ ಬಹುಭಾಗಕ್ಕೆ ಬದಲು ಸಿಲಿಕವನ್ನು ಬಳಸಿದ ಟೈರನ್ನು ಮಾರುಕಟ್ಟೆಗೆ ತಂದಿತು. ಒದ್ದೆ ರಸ್ತೆಯ ಹಿಡಿತವನ್ನು ಬಿಟ್ಟುಕೊಡದೆ ಉರುಳುವಾಗಿನ ತಡೆಯನ್ನು ತಗ್ಗಿಸುವುದು ಅದರ ಉದ್ದೇಶ. ಅಲ್ಲಿಯವರೆಗೆ ಹಿಡಿತ, ಸವೆತ, ಇಂಧನ ಈ ಮೂರರಲ್ಲಿ ಒಂದನ್ನು ಕೊಂಡರೆ ಇನ್ನೊಂದನ್ನು ಮಾರಬೇಕಾಗಿತ್ತು. ಈಗಲೂ ಪೂರ್ತಿ ಬಿಡುಗಡೆಯಿಲ್ಲ.

ಈ ಕೊಡುಕೊಳೆಯ ಲೆಕ್ಕ ಶಾಲೆಯ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೆತ್ತನೆಯ ಹೊಸ ರಬ್ಬರು ಪೆನ್ಸಿಲಿನ ಗೆರೆಯನ್ನು ಚೊಕ್ಕವಾಗಿ ಅಳಿಸುತ್ತದೆ, ಬೇಗ ಕರಗುತ್ತದೆ. ಕಂಪಾಸು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದು ಬಿರುಸಾದ ರಬ್ಬರು ಸವೆಯುವುದೇ ಇಲ್ಲ, ಕಾಗದದ ಮೇಲೆ ಜಾರಿಕೊಂಡು ಮಸಿ ಬಳಿಯುತ್ತದೆ. ಹೊರದೇಶಗಳ ಸಣ್ಣ ಕಾರುಗಳ ಪಂದ್ಯಗಳಲ್ಲಿ ಕೆಲವರು ಇದನ್ನೇ ದುರುಪಯೋಗಪಡಿಸಿಕೊಳ್ಳುತ್ತಾರೆ. ದ್ರಾವಕಗಳನ್ನು ಟೈರಿಗೆ ರಾತ್ರಿಯೆಲ್ಲ ಊಡಿಸಿ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತಾರೆ. ಹಿಡಿತ ಸ್ವಲ್ಪ ಹೊತ್ತು ಹೆಚ್ಚುತ್ತದೆ, ಟೈರಿನ ಆಯುಸ್ಸು ಕುಗ್ಗುತ್ತದೆ. ಅನೇಕ ಪಂದ್ಯಗಳಲ್ಲಿ ಇದು ನಿಷಿದ್ಧ. ಅಧಿಕಾರಿಗಳು ರಬ್ಬರಿನ ಚೂರನ್ನು ಪ್ರಯೋಗಶಾಲೆಗೆ ಕಳುಹಿಸಿ ಹಿಡಿಯುತ್ತಾರೆ. ಮೆತ್ತಗಿದೆಯೋ ಇಲ್ಲವೋ ಎಂದು ನೋಡಲು ಶೋರ್ ಮಾಪಕವೆಂಬ ಸಣ್ಣ ಉಪಕರಣವಿದೆ. ಅದರ ಮೊಂಡು ಸೂಜಿ ರಬ್ಬರಿನೊಳಕ್ಕೆ ಎಷ್ಟು ಇಳಿಯುತ್ತದೆಂಬುದರ ಮೇಲೆ ಅಂಕ ಬರುತ್ತದೆ. ಊರಿನ ರಸ್ತೆಯಲ್ಲಿ ಓಡಾಡುವವರಿಗೆ ಇಂಥ ಔಷಧದ ಗೊಡವೆ ಖಂಡಿತ ಬೇಡ.

ಹಾಗಾದರೆ ನಿಜವಾದ ಪರೀಕ್ಷೆಯನ್ನು ಹೇಗೆ ನಡೆಸುತ್ತಾರೆ? ಒದ್ದೆ ರಸ್ತೆಯ ಹಿಡಿತಕ್ಕೆ ಯೂರೋಪಿನಲ್ಲಿ ಒಪ್ಪಿಕೊಂಡಿರುವ ಕ್ರಮ ಹೀಗಿದೆ. ಪರೀಕ್ಷೆಯ ಪಥದ ಮೇಲೆ ಸುಮಾರು ಒಂದು ಮಿಲಿಮೀಟರು ನೀರು ನಿಲ್ಲುವಂತೆ ಹರಿಸುತ್ತಾರೆ. ಕಾರನ್ನು ಓಡಿಸಿಕೊಂಡು ಬಂದು ಬಲವಾಗಿ ಬ್ರೇಕು ಹಾಕಿ, ಗಂಟೆಗೆ 80 ಕಿಲೋಮೀಟರಿನಿಂದ 20ಕ್ಕೆ ಇಳಿಯುವುದರೊಳಗೆ ವೇಗ ಯಾವ ಪ್ರಮಾಣದಲ್ಲಿ ತಗ್ಗಿತೆಂದು ಅಳೆಯುತ್ತಾರೆ. ಇಷ್ಟೇ ಆದರೆ ಸಾಲದು. ಮೊದಲು ಒಂದು ಪ್ರಮಾಣ ಟೈರನ್ನು ಓಡಿಸಬೇಕು; ಆಮೇಲೆ ಪರೀಕ್ಷೆಗೆ ಬಂದ ಟೈರುಗಳು; ಕೊನೆಗೆ ಮತ್ತೆ ಅದೇ ಪ್ರಮಾಣ ಟೈರು. ಫಲವನ್ನು ಹೇಳುವುದು ಪ್ರಮಾಣ ಟೈರಿಗೆ ಹೋಲಿಸಿ ಮಾತ್ರ. ಸಂಗೀತ ಕೇಳುವ ತಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಚೇರಿಯಲ್ಲಿ ಹಿಂದೆ ತಂಬೂರಿ ನುಡಿಯುತ್ತಿರುವುದರಿಂದಲೇ ಗಾಯಕನು ಶ್ರುತಿ ಬಿಟ್ಟುದು ನಮಗೆ ತಿಳಿಯುವುದು. ತಂಬೂರಿಯೇ ಇಳಿದಿದ್ದರೆ? ಅದಕ್ಕಾಗಿಯೇ ಕೊನೆಯಲ್ಲಿಯೂ ಪ್ರಮಾಣ ಟೈರನ್ನು ಓಡಿಸಿ, ಈ ನಡುವೆ ರಸ್ತೆಯೋ ಗಾಳಿಯೋ ಬದಲಾಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ನಮ್ಮ ದೇಶದಲ್ಲಿಯೂ ಒದ್ದೆ ರಸ್ತೆಯ ಹಿಡಿತ, ಉರುಳುವ ತಡೆ, ಸದ್ದು ಈ ಮೂರಕ್ಕೂ ಟೈರುಗಳು ಪಾಲಿಸಬೇಕಾದ ಮಿತಿಗಳನ್ನು ಗೊತ್ತುಪಡಿಸಿ ಕೇಂದ್ರ ಸರ್ಕಾರವು 2022ರಲ್ಲಿ ಅಧಿಸೂಚನೆ ಹೊರಡಿಸಿತು.

ಸವೆತದ ಪರೀಕ್ಷೆ ಇದಕ್ಕಿಂತ ತಾಳ್ಮೆಯ ಕೆಲಸ. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಏಂಜಲೋ ಊರಿನ ಸುತ್ತ ಇದಕ್ಕೆಂದೇ ಗೊತ್ತುಮಾಡಿದ ಹಾದಿಯೊಂದಿದೆ. ಒಂದು ಸುತ್ತಿಗೆ 400 ಮೈಲಿ, ಎಂದರೆ ಸುಮಾರು 640 ಕಿಲೋಮೀಟರು. ಪ್ರಮಾಣ ಟೈರಿನ ಕಾರೂ ಪರೀಕ್ಷೆಯ ಟೈರಿನ ಕಾರುಗಳೂ ಸಾಲಾಗಿ ಒಟ್ಟಿಗೆ ಹೊರಡುತ್ತವೆ. ಮೊದಲ 800 ಮೈಲಿಗಳನ್ನು ಟೈರು ಹದಕ್ಕೆ ಬರಲೆಂದು ಬಿಟ್ಟು, ಆಮೇಲೆ ನಿಗದಿಯಾದ ದೂರಕ್ಕೊಮ್ಮೆ ಹಲ್ಲಿನ ಆಳವನ್ನು ಅಳೆಯುತ್ತಾ ಒಟ್ಟು 7,200 ಮೈಲಿ ಓಡಿಸುತ್ತಾರೆ. ಒಂದೇ ಮಳೆ, ಒಂದೇ ಬಿಸಿಲು, ಒಂದೇ ರಸ್ತೆ ಎಲ್ಲ ಟೈರುಗಳಿಗೂ ಸಿಕ್ಕಬೇಕೆಂಬುದು ಈ ಮೆರವಣಿಗೆಯ ಗುಟ್ಟು. ಪ್ರಮಾಣಕ್ಕೆ 100 ಅಂಕವೆಂದು ಇಟ್ಟುಕೊಂಡರೆ ಅದಕ್ಕಿಂತ ಎರಡರಷ್ಟು ಬಾಳುವ ಟೈರಿಗೆ 200. ಆ ದೇಶಕ್ಕೆ ಹೋಗುವ ಕಾರು ಟೈರುಗಳ ಪಕ್ಕದಲ್ಲಿ ಈ ಅಂಕವನ್ನು ಅಚ್ಚೊತ್ತಿರುತ್ತಾರೆ; ನಮ್ಮಲ್ಲಿ ಮಾರುವ ಕೆಲವು ಟೈರುಗಳ ಮೇಲೆಯೂ ಕಾಣುತ್ತದೆ. ಅಂಕವನ್ನು ಕೊಟ್ಟುಕೊಳ್ಳುವವರು ತಯಾರಕರೇ ಎಂಬುದೊಂದು ಸಣ್ಣ ವಿಷಯ. ಮದುವೆಯ ಹೆಣ್ಣನ್ನು ತಾಯಿ ಹೊಗಳಿದಂತೆ ಎಂದು ಯಾರಾದರೂ ಅಂದರೆ ನಾನು ಜಗಳವಾಡುವುದಿಲ್ಲ.

ಪ್ರಯೋಗಶಾಲೆಯಲ್ಲಿ ಸವೆತವನ್ನು ನೋಡುವ ಯಂತ್ರ ಸರಳವಾದುದು. ಉರುಳುವ ಪೀಪಾಯಿಗೆ ಉಪ್ಪು ಕಾಗದವನ್ನು ಸುತ್ತಿ, 16 ಮಿಲಿಮೀಟರು ಅಗಲದ ರಬ್ಬರಿನ ಬಿಲ್ಲೆಯನ್ನು ಸುಮಾರು ಒಂದು ಕಿಲೋಗ್ರಾಮಿನ ಭಾರದಿಂದ ಅದಕ್ಕೆ ಒತ್ತಿ, 40 ಮೀಟರು ಉಜ್ಜಿ, ಎಷ್ಟು ರಬ್ಬರು ಕಳೆಯಿತೆಂದು ತೂಗುತ್ತಾರೆ. ಬೇಗ ಮುಗಿಯುತ್ತದೆ. ಆದರೆ ಯಂತ್ರದಲ್ಲಿ ಗೆದ್ದ ರಬ್ಬರು ರಸ್ತೆಯಲ್ಲಿ ಸೋತ ಉದಾಹರಣೆಗಳು ಬೇಕಾದಷ್ಟಿವೆ. ಕಾರಣವನ್ನು ಶಾಲಮಾಕ್ ಎಂಬ ವಿಜ್ಞಾನಿಯ ಕೆಲಸದಿಂದ ತಿಳಿಯಬಹುದು. ಇಂಗ್ಲೆಂಡಿನಲ್ಲಿ ದಶಕಗಳ ಕಾಲ ರಬ್ಬರಿನ ಉಜ್ಜಾಟವನ್ನೇ ಅಭ್ಯಾಸ ಮಾಡಿದವರು ಅವರು. ತಿರುವಿನಲ್ಲಿ ಚಕ್ರವು ತಾನು ಮುಖ ಮಾಡಿರುವ ದಿಕ್ಕಿಗೂ ನಿಜವಾಗಿ ಸಾಗುವ ದಿಕ್ಕಿಗೂ ನಡುವೆ ಸಣ್ಣ ಕೋನವಿಟ್ಟುಕೊಂಡು ಓರೆಯಾಗಿ ಉಜ್ಜಿಕೊಂಡು ಹೋಗುತ್ತದೆ. ಈ ಓರೆ ಎರಡರಷ್ಟಾದರೆ ಸವೆತ ಎರಡರಷ್ಟಲ್ಲ, ಹೆಚ್ಚು ಕಡಮೆ ನಾಲ್ಕರಷ್ಟಾಗುತ್ತದೆ. ಆದುದರಿಂದ “ಈ ಲೇಪ ಹಚ್ಚಿದ ಮೇಲೆ ನನ್ನ ಟೈರು ಐದು ಸಾವಿರ ಕಿಲೋಮೀಟರು ಹೆಚ್ಚು ಬಂದಿತು” ಎಂದು ಯಾರಾದರೂ ಹೇಳಿದರೆ, ಆ ಅವಧಿಯಲ್ಲಿ ಮಗನು ಕಾಲೇಜಿಗೆಂದು ಊರು ಬಿಟ್ಟಿದ್ದನೇ ಎಂದು ವಿಚಾರಿಸಬೇಕು. ಬಾಳಿದುದು ಲೇಪದಿಂದಲೋ, ತಂದೆಯ ಕೈಯಲ್ಲಿ ಗಾಡಿ ಇದ್ದುದರಿಂದಲೋ?

ಇಷ್ಟನ್ನು ಓದಿ ತಿಳಿದುಕೊಂಡ ಮೇಲೆ, ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನೂ ಮೂವರು ವಿದ್ಯಾರ್ಥಿಗಳನ್ನೂ ಕೂಡಿಕೊಂಡು ನಾವೇ ಒಂದು ಪರೀಕ್ಷೆ ಮಾಡಿದೆವು. ಪಂಕ್ಚರ್ ಅಂಗಡಿಯಿಂದ ಹಳೆಯ ಸ್ಕೂಟರ್ ಟೈರೊಂದನ್ನು ತಂದು, ಪಕ್ಕಪಕ್ಕದ ಎರಡು ತುಂಡುಗಳನ್ನು ಕತ್ತರಿಸಿ, ತೊಳೆದು, ಒಂದೇ ಅಳತೆಯ ಮರದ ತುಂಡುಗಳ ಅಡಿಗೆ ಮೊಳೆ ಹೊಡೆದೆವು. ಮೇಲೆ ಕಲ್ಲು ಹೇರಿ ಎರಡರ ತೂಕವನ್ನೂ ನಾಲ್ಕು ಕಿಲೋಗ್ರಾಮಿಗೆ ತಂದೆವು. ಹಳೆ ಪೇಪರು ಕೊಳ್ಳುವವರು ಇಟ್ಟುಕೊಂಡಿರುತ್ತಾರಲ್ಲ, ಆ ಸ್ಪ್ರಿಂಗ್ ತಕ್ಕಡಿಯನ್ನು ಕೊಕ್ಕೆಗೆ ಸಿಕ್ಕಿಸಿ ನೆಲಕ್ಕೆ ಸಮವಾಗಿ ಎಳೆದರೆ ಎಷ್ಟರಲ್ಲಿ ತುಂಡು ಜಾರುತ್ತದೆಂದು ಮುಳ್ಳು ತೋರಿಸುತ್ತದೆ. ನಾಲ್ಕು ಕಿಲೋ ತುಂಡು ಮೂರು ಕಿಲೋ ಎಳೆತಕ್ಕೆ ಜಾರಿದರೆ ಹಿಡಿತದ ಅಂಕ 0.75, ಎರಡಕ್ಕೆ ಜಾರಿದರೆ 0.5. ಮನೆಯಲ್ಲಿ ತಾವೂ ಮಾಡಿ ನೋಡಬಹುದು.

ಮೊದಲ ದಿನದ ಲೆಕ್ಕವೆಲ್ಲ ನೀರಿನಲ್ಲಿ ಹೋಮವಾಯಿತು. ನಮ್ಮ ಮನೆಯ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಳೆದಿದ್ದೆವು. ವರ್ಷಗಳ ಸಾಬೂನು ಅದರ ಮೈಯಲ್ಲಿ ಕೂತಿದೆಯೆಂಬುದು ಪಂಡಿತರಾದ ನಮಗೆ ಹೊಳೆಯಲಿಲ್ಲ, ಪಾತ್ರೆ ತೊಳೆಯಲು ಬಂದಾಕೆ ಹೇಳಬೇಕಾಯಿತು. ಎರಡನೆಯ ದಿನ ಶಾಲೆಯ ಅಂಗಳದ ಹಳೆಯ ಕಾಂಕ್ರೀಟು ನೆಲವನ್ನು ಆರಿಸಿಕೊಂಡೆವು. ಇನ್ನೊಂದು ಎಚ್ಚರಿಕೆಯನ್ನೂ ವಹಿಸಿದೆವು. ಪಾಲಿಶು ಯಾವುದಕ್ಕೆ ಬಳಿದಿದೆಯೆಂದು ಎಳೆಯುವವನಿಗೆ ಗೊತ್ತಿದ್ದರೆ ಅವನ ಕೈಯೇ ಪಕ್ಷಪಾತ ಮಾಡುತ್ತದೆ. ಆದುದರಿಂದ ಒಬ್ಬಳು ಹುಡುಗಿ ಮರೆಯಲ್ಲಿ ಒಂದಕ್ಕೆ ಪಾಲಿಶನ್ನೂ ಇನ್ನೊಂದಕ್ಕೆ ಬರಿಯ ನೀರನ್ನೂ ಬಳಿದು, ತುಂಡುಗಳ ಮೇಲೆ ಕ, ಚ ಎಂದು ಬರೆದು, ಗುಟ್ಟನ್ನು ಲಕೋಟೆಯಲ್ಲಿಟ್ಟು ಅಂಟಿಸಿದಳು. ಕೆಳಗೆ ಬಗ್ಗಿ ನೋಡದೆ, ನೆಲಕ್ಕೆ ನೀರು ಚಿಮುಕಿಸಿ, ಒಬ್ಬನು ಎಳೆದನು, ಇನ್ನೊಬ್ಬನು ಬರೆದುಕೊಂಡನು. ಎಳೆದುದು ಕ, ಚ, ಚ, ಕ ಎಂಬ ಸರದಿಯಲ್ಲಿ. ಮುಂದುವರಿದಂತೆ ನೆಲ ಉಜ್ಜಿ ಬದಲಾಗುತ್ತದಷ್ಟೆ; ಸರದಿಯನ್ನು ಹೀಗೆ ತಿರುವಿದರೆ ಆ ಬದಲಾವಣೆಯ ಪಾಲು ಎರಡಕ್ಕೂ ಸಮವಾಗಿ ಬರುತ್ತದೆ.

ಲಕೋಟೆ ಒಡೆಯುವ ಮೊದಲೇ ಗುಟ್ಟು ಗೊತ್ತಾಗಿತ್ತು. ಹಸಿಯಾಗಿ ಬಳಿದ ಪಾಲಿಶಿನ ತುಂಡು ಒದ್ದೆ ನೆಲದಲ್ಲಿ ಸ್ಪಷ್ಟವಾಗಿ ಮುಂಚೆ ಜಾರಿತು. ಆದರೆ ಎಳೆಯುತ್ತಾ ಹೋದಂತೆ ಅದು ಚೇತರಿಸಿಕೊಂಡಿತು. ಕೆಲವು ಹತ್ತು ಸಲ ನೆಲಕ್ಕೆ ಉಜ್ಜಿದ ಮೇಲೆ ನಮ್ಮ ತಕ್ಕಡಿಯ ಮುಳ್ಳಿಗೆ ಕಾಣುವಷ್ಟು ಭೇದ ಉಳಿಯಲಿಲ್ಲ. ರಸ್ತೆಯೇ ಪಾಲಿಶನ್ನು ಕೆರೆದು ತೆಗೆಯುತ್ತದೆಂದು ಇದರ ಅರ್ಥ.

ಇದನ್ನು ನೋಡಿ ನಾನು ಹುಡುಗನ ಪಕ್ಷಕ್ಕೆ ಹಾರುವುದರಲ್ಲಿದ್ದೆ. ನನ್ನ ಚಕ್ರದ ಸುತ್ತಳತೆ ಒಂದೂಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು. ಅರ್ಧ ಕಿಲೋಮೀಟರಿಗೆ ಅದು ಮುನ್ನೂರ ಐವತ್ತಕ್ಕೂ ಹೆಚ್ಚು ಸುತ್ತು ಉರುಳಿದೆ. ಪಾಲಿಶು ಅಷ್ಟರಲ್ಲಿ ಹೋಗಿರಬೇಡವೇ? ವಿಜ್ಞಾನದ ಮೇಷ್ಟ್ರು ನನ್ನನ್ನು ಕೈಹಿಡಿದು ಸ್ಕೂಟರಿನ ಬಳಿಗೆ ಕರೆದೊಯ್ದು ಟೈರನ್ನು ತೋರಿಸಿದರು. ನೇರವಾಗಿ ಹೋಗುವಾಗ ಸ್ಕೂಟರಿನ ಟೈರಿನಲ್ಲಿ ರಸ್ತೆಗೆ ತಾಗುವುದು ನಡುವಿನ ಪಟ್ಟಿ ಮಾತ್ರ. ಹೆಗಲು ತಾಗುವುದು ಗಾಡಿ ವಾಲಿದಾಗ. ವಾಟರ್ ಸರ್ವಿಸ್ ಅಂಗಡಿಯಿಂದ ದೇವಸ್ಥಾನದ ಬೀದಿಯವರೆಗೆ ದಾರಿ ನೆಟ್ಟಗಿದೆ. ಎಂದರೆ ನಡುವಿನ ಪಾಲಿಶು ಸವೆದುಹೋಗಿದ್ದರೂ ಹೆಗಲಿನ ಪಾಲಿಶು ಹಾಗೆಯೇ ಕುಳಿತು, ನಾನು ಮೊದಲ ತಿರುವಿನಲ್ಲಿ ವಾಲುವುದನ್ನೇ ಕಾದಿತ್ತು. ನಾಲ್ಕು ಚಕ್ರದ ಗಾಡಿ ಹೀಗೆ ವಾಲುವುದಿಲ್ಲ. ಟೈರಿನ ಪಕ್ಕಕ್ಕಷ್ಟೇ ಹಚ್ಚಿದ ಪಾಲಿಶಿನಿಂದ ಕಾರಿನ ಹಿಡಿತಕ್ಕೆ ಬರುವ ಬಾಧೆ ಅಲ್ಪವಾಗಿರುವುದು ಇದರಿಂದಲೇ. ಎರಡು ಚಕ್ರದ ಗಾಡಿಗೆ ಮಾತ್ರ ಪಕ್ಕವೂ ಹೆಗಲೂ ಬಹಳ ಹತ್ತಿರ.

ಅಲ್ಲಿಗೂ ಮುಗಿಯಲಿಲ್ಲ. ಬೋಳು ಟೈರಿನ ವಾದ ಉಳಿದಿತ್ತು. ನನ್ನ ಹಿಂದಿನ ಟೈರಿನಂತೆಯೇ ಬೋಳಾದ ತುಂಡೊಂದನ್ನು ತಂದು ಎಳೆದು ನೋಡಿದೆವು. ಆಶ್ಚರ್ಯವೆಂದರೆ ಅದು ಹಲ್ಲಿರುವ ತುಂಡಿಗೆ ಸಮನಾಗಿಯೇ ಹಿಡಿಯಿತು! ಒಬ್ಬ ವಿದ್ಯಾರ್ಥಿ, “ಹಾಗಾದರೆ ಬೋಳು ಟೈರಿಂದ ತೊಂದರೆ ಇಲ್ಲ ಸಾರ್” ಎಂದು ತೀರ್ಪು ಕೊಟ್ಟನು. ಪರೀಕ್ಷೆಗಳು ಮೋಸ ಮಾಡುವುದು ಇಂಥ ಜಾಗದಲ್ಲಿ. ಟೈರಿನ ಹಲ್ಲುಗಳ ನಡುವಿನ ಕಾಲುವೆಗಳು ಇರುವುದು ನೀರನ್ನು ಹೊರಕ್ಕೆ ಸಾಗಿಸಲು. ನಮ್ಮ ತುಂಡು ಆಮೆಯ ಗತಿಯಲ್ಲಿ ಸಾಗುತ್ತಿದ್ದುದರಿಂದ ಕಾಲುವೆ ಇಲ್ಲದಿದ್ದರೂ ನೀರಿಗೆ ಪಕ್ಕಕ್ಕೆ ಸರಿಯಲು ಬೇಕಾದಷ್ಟು ಸಮಯವಿತ್ತು. ಗಂಟೆಗೆ ಐವತ್ತು ಕಿಲೋಮೀಟರಿನಲ್ಲಿ ಟೈರಿನ ಒಂದು ಭಾಗ ನೆಲಕ್ಕೆ ತಾಗಿರುವುದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಹೋಗದ ನೀರು ಟೈರಿನ ಅಡಿಯಲ್ಲೇ ಉಳಿದು ಅದನ್ನು ಎತ್ತಿಹಿಡಿಯುತ್ತದೆ. ಒಣ ರಸ್ತೆಯ ಪಂದ್ಯದ ಕಾರುಗಳು ಹಲ್ಲೇ ಇಲ್ಲದ ಟೈರಿನಲ್ಲಿ ಓಡುವುದೂ, ಮಳೆ ಬಂದೊಡನೆ ಅವನ್ನು ಬದಲಾಯಿಸುವುದೂ ಇದೇ ಕಾರಣಕ್ಕೆ. ನಮ್ಮ ಮೋಟಾರು ವಾಹನ ನಿಯಮಗಳು ಕಾರಿನ ಟೈರಿಗೆ 1.6 ಮಿಲಿಮೀಟರು, ಎರಡು ಚಕ್ರದ ಗಾಡಿಗೆ 0.8 ಮಿಲಿಮೀಟರು ಹಲ್ಲಿನ ಆಳ ಉಳಿದಿರಬೇಕೆಂದು ವಿಧಿಸಿವೆ. ನನ್ನ ಹಿಂದಿನ ಟೈರಿನ ನಡುವಿನಲ್ಲಿ ಅಷ್ಟೂ ಇರಲಿಲ್ಲ.

ಹಿಡಿತದ ಅಂಕ 0.7 ಇದ್ದುದು 0.5ಕ್ಕೆ ಇಳಿದರೆ ಏನು ಮಹಾ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿಲೋಮೀಟರಿನಲ್ಲಿ ಬ್ರೇಕು ಹಿಡಿದ ಗಾಡಿ 0.7ರ ಹಿಡಿತದಲ್ಲಿ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ, 0.5ರಲ್ಲಿ ಸುಮಾರು 20 ಮೀಟರು ಬೇಕು. ಆರು ಮೀಟರು ಎಂದರೆ ಒಂದು ಕೋಣೆಯ ಉದ್ದ. ಆದರೆ ಭಯಪಡಬೇಕಾದುದು ಬೇರೆ ಇದೆ. ಮೊದಲ ಗಾಡಿ ಪೂರ್ತಿ ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ ಸುಮಾರು 27 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುತ್ತದೆ. ಅಲ್ಲೊಂದು ಮಗು ರಸ್ತೆ ದಾಟುತ್ತಿದ್ದರೆ, ಮೊದಲ ಗಾಡಿ ಅದರ ಮುಂದೆ ಬಂದು ನಿಲ್ಲುತ್ತದೆ. ಎರಡನೆಯದು ಬಂದು ಬಡಿಯುತ್ತದೆ.

ಟೈರು ಕಂದು ಬಣ್ಣಕ್ಕೆ ತಿರುಗಿತೆಂದು ಪಾಲಿಶು ಹಚ್ಚಿಸುವವರು ಬಹಳ ಮಂದಿ. ಆ ಕಂದು ಕೊಳೆಯಲ್ಲ. ಗಾಳಿಯ ಓಝೋನು ರಬ್ಬರನ್ನು ಸೀಳದಿರಲೆಂದು ಕಾರ್ಖಾನೆಯಲ್ಲಿ ಬೆರೆಸಿದ ರಕ್ಷಕ ದ್ರವ್ಯವು ಮೇಣದೊಡನೆ ನಿಧಾನವಾಗಿ ಮೇಲಕ್ಕೆ ಬಂದು ತನ್ನ ಕೆಲಸ ಮಾಡಿ ಕಂದಾಗಿರುತ್ತದೆ. ತೀಕ್ಷ್ಣವಾದ ದ್ರಾವಕದಿಂದ ಪದೇ ಪದೇ ಒರೆಸಿದರೆ ಆ ಕಾವಲನ್ನೇ ಕಿತ್ತಂತಾಗಬಹುದು. ಈ ರಕ್ಷಕನೂ ನಿರಪರಾಧಿಯಲ್ಲವೆನ್ನಿ. ಸವೆದ ಟೈರಿನ ಪುಡಿಯಲ್ಲಿ ಅದು ಓಝೋನಿನೊಡನೆ ಸೇರಿ ಹುಟ್ಟುವ ವಸ್ತುವೊಂದು ಅಮೆರಿಕದ ಪಶ್ಚಿಮ ಕರಾವಳಿಯ ತೊರೆಗಳಲ್ಲಿ ಕೋಹೋ ಎಂಬ ಜಾತಿಯ ಮೀನುಗಳನ್ನು ಕೊಲ್ಲುತ್ತಿತ್ತೆಂದು 2020ರಲ್ಲಿ ಪತ್ತೆಯಾಯಿತು. ಸವೆತವೆಂದರೆ ನಮ್ಮ ಜೇಬಿನ ವಿಷಯ ಮಾತ್ರವೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಪರೀಕ್ಷೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ವಾಟರ್ ಸರ್ವಿಸ್ ಅಂಗಡಿಗೆ ಹೋದೆ. ಮಾಲೀಕರಿಗೆ ಇದ್ದುದನ್ನು ಇದ್ದಂತೆ ಹೇಳಿದೆ: ಹೆಗಲಿನ ಮೇಲಿದ್ದ ಪಾಲಿಶು ಜಾರುವುದಕ್ಕೆ ಒದಗಿರುವ ಸಂಭವ ಹೆಚ್ಚು, ಮೊದಲ ಮಳೆಯ ರಸ್ತೆಯೂ ಕೈಜೋಡಿಸಿರಬಹುದು, ನನ್ನ ಹಿಂದಿನ ಟೈರು ರಸ್ತೆಗೆ ಬರುವ ಯೋಗ್ಯತೆಯನ್ನು ಕಳೆದುಕೊಂಡಿತ್ತು, ಅದರ ಹೊಣೆ ನನ್ನದು, ಯಾವುದರ ಪಾಲು ಎಷ್ಟೆಂದು ಬಿದ್ದ ಮೇಲೆ ಬಿಡಿಸಿ ಹೇಳಲು ಬಾರದು. ಎಲ್ಲರ ಎದುರಿಗೆ ಗದರಿಸಿದ್ದೆನಾದುದರಿಂದ ಎಲ್ಲರ ಎದುರಿಗೇ ಇದನ್ನು ಹೇಳಿದೆ. ಮಾಲೀಕರು ಪುಸ್ತಕವನ್ನು ತಿರುವಿ ಹಾಕಿ, “ಆಗಲಿ ಸಾರ್, ಇರಲಿ ಅವನು” ಎಂದರು. ಹುಡುಗನು ನನ್ನ ಮುಖವನ್ನು ನೋಡಲಿಲ್ಲ. ಬಕೆಟ್ಟಿನಲ್ಲಿ ಸ್ಪಂಜನ್ನು ಹಿಂಡುತ್ತಲೇ, “ಹಲ್ಲಿಗೆ ಹಚ್ಚಬಾರದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಸಾರ್” ಎಂದನು. ಅದೂ ನಿಜವೇ.

ಅದೇ ವಾರ ಹಿಂದಿನ ಟೈರನ್ನು ಬದಲಾಯಿಸಿದೆ. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ದ್ರವ್ಯ ಉಳಿದಿರಬಹುದಾದುದರಿಂದ ಮೊದಲ ನೂರಿನ್ನೂರು ಕಿಲೋಮೀಟರು ಮೆಲ್ಲಗೆ ಹೋಗಬೇಕೆಂದು ತಯಾರಕರು ಹೇಳುತ್ತಾರೆ. ಶಾಲೆಗೂ ಮನೆಗೂ ನಡುವೆ ಅಷ್ಟನ್ನು ಮುಗಿಸಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ತಿರುವಿನಲ್ಲಿ ಸೈಕಲ್ಲಿನ ಹುಡುಗರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.